ಗುಣವಾಚಕಗಳ ಕಲಿಕಾ ಪೆಟ್ಟಿಗೆ: ಚೀಲ ಸೊಗಸು, ಪುಸ್ತಕ ಸಪ್ಪೆ

ಮೂರು ಮತ್ತು ನಾಲ್ಕನೆಯ ತರಗತಿಯ ಮಕ್ಕಳಿಗೆ ವರ್ಣನೆ ಬರೆಯುವುದನ್ನು ಕಲಿಸಲೆಂದು ಕನ್ನಡದಲ್ಲಿ ಸಿದ್ಧಪಡಿಸಿದ ಗುಣವಾಚಕಗಳ ಕಲಿಕಾ ಪೆಟ್ಟಿಗೆಯೊಂದನ್ನು ನಮ್ಮ ಶಾಲೆಗೆ ತರಿಸಿ, ದಸರಾ ರಜೆಯ ನಂತರದ ಅವಧಿಯುದ್ದಕ್ಕೂ ಬಳಸಿ ನೋಡಿದ್ದೇವೆ. 500 ರೂಪಾಯಿಯೊಳಗೆ ಸಿಗುವ ಈ ಪೆಟ್ಟಿಗೆಯಲ್ಲಿ ನಾಮಪದಗಳ ಹಾಗೂ ಗುಣವಾಚಕಗಳ ದಪ್ಪ ಕಾರ್ಡುಗಳು, ಪದ ಜೋಡಿಸುವ ಜಾರುಪಟ್ಟಿ, ಬಾಯಿಗೆ ದಾರ ಪೋಣಿಸಿದ ಬಟ್ಟೆಯ ಚೀಲ ಮತ್ತು ಅಭ್ಯಾಸ ಪುಸ್ತಕ ಇವೆ. ಇದೇ ಮಾದರಿಯ ಪೆಟ್ಟಿಗೆಗಳು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿರುವುದರಿಂದ, ತಯಾರಕರ ಹೆಸರನ್ನು ಬದಿಗಿಟ್ಟು ಒಳಗಿನ ಸರಕನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ.

ಪೆಟ್ಟಿಗೆಯಲ್ಲಿ ಅತ್ಯಂತ ಅಗ್ಗದ ವಸ್ತುವಾದ ಚೀಲವೇ ಅತ್ಯಂತ ಹೆಚ್ಚು ಕಲಿಸಿತು. ಒಂದು ಮಗು ನೋಡದೆ ಚೀಲದೊಳಗೆ ಕೈಹಾಕಿ, ಸಿಕ್ಕ ವಸ್ತುವಿನ ಹೆಸರು ಹೇಳದೆ ಅದರ ಗುಣಗಳನ್ನಷ್ಟೇ ಹೇಳಬೇಕು. ಉಳಿದವರು ಅದೇನೆಂದು ಊಹಿಸಬೇಕು. ಹುಣಸೆ ಬೀಜ, ಅಂಟುವಾಳದ ಕಾಯಿ, ಹೊಳೆಯ ಕಲ್ಲು, ಒಣಗಿದ ಹೀರೆಕಾಯಿಯ ನಾರು ಮುಂತಾದವುಗಳನ್ನು ನಾವೇ ಒಳಗಿಟ್ಟೆವು. ‘ಚೆನ್ನಾಗಿದೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲವೆಂಬುದು ಮಕ್ಕಳಿಗೆ ಬಹಳ ಬೇಗ ಅರ್ಥವಾಯಿತು. ಹೀರೆಕಾಯಿಯ ನಾರನ್ನು ಹಿಡಿದ ಹುಡುಗಿ ‘ಉದ್ದ’ ಎಂದಾಗ ಹತ್ತಾರು ಊಹೆಗಳು ಬಂದವು. ‘ಒರಟು’ ಎಂದಾಗ ಅರ್ಧದಷ್ಟು ಉಳಿದವು. ‘ಹಗುರ, ತೂತುತೂತಾದ, ಒತ್ತಿದರೆ ತಗ್ಗುವ’ ಎಂದ ಕೂಡಲೇ ಹಿಂದಿನ ಸಾಲಿನವರು ಉತ್ತರವನ್ನು ಕೂಗಿಬಿಟ್ಟರು. ಒಂದು ವಸ್ತುವನ್ನು ಅದರಂತಹ ಇತರ ವಸ್ತುಗಳಿಂದ ಬೇರ್ಪಡಿಸಿ ತೋರಿಸುವುದೇ ಗುಣವಾಚಕದ ಕೆಲಸವೆಂಬುದನ್ನು ಇದಕ್ಕಿಂತ ಸುಲಭವಾಗಿ ಮನವರಿಕೆ ಮಾಡಿಕೊಡುವ ಪಾಠವನ್ನು ನಾನಂತೂ ಕಂಡಿಲ್ಲ.

ಕಾರ್ಡುಗಳ ಗುಣಮಟ್ಟದ ಬಗ್ಗೆ ದೂರಿಲ್ಲ. ಅಂಚು ಮಡಚುವುದಿಲ್ಲ, ಅಕ್ಷರ ದೊಡ್ಡದಾಗಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಕಲಿತು ಬಂದ ಮಕ್ಕಳಿಗೆ ಕಾರ್ಡು ಹಿಡಿದು ಕಲಿಯುವುದು ಹೊಸದೂ ಅಲ್ಲ. ಜಾರುಪಟ್ಟಿಯೂ ಜಾಣತನದಿಂದ ಕೂಡಿದೆ: ‘ದೊಡ್ಡ’ ಎಂಬುದು ಇದ್ದಲ್ಲೇ ಇರುತ್ತದೆ, ಮುಂದೆ ಹುಡುಗ, ಹುಡುಗಿ, ಮನೆಗಳು ಎಂದು ನಾಮಪದ ಮಾತ್ರ ಬದಲಾಗುತ್ತದೆ. ಆದರೆ ಅದೇ ಪದ ವಾಕ್ಯದ ಕೊನೆಗೆ ಹೋದಾಗ ‘ಹುಡುಗ ದೊಡ್ಡವನು’, ‘ಮನೆ ದೊಡ್ಡದು’ ಎಂದು ರೂಪ ಬದಲಿಸುವುದನ್ನು ತೋರಿಸುವ ವ್ಯವಸ್ಥೆ ಇದರಲ್ಲಿಲ್ಲ. ಶಿಕ್ಷಕರೇ ಇನ್ನೊಂದು ಪಟ್ಟಿ ಕತ್ತರಿಸಿಕೊಳ್ಳಬೇಕು.

ಅಭ್ಯಾಸ ಪುಸ್ತಕ ಮಾತ್ರ ನಿರಾಸೆಯನ್ನೇ ಉಂಟುಮಾಡಿತು. ಪುಟದಿಂದ ಪುಟಕ್ಕೆ ಬಿಟ್ಟ ಸ್ಥಳ ತುಂಬುವುದೇ ಕೆಲಸ, ಮತ್ತು ಪ್ರತಿಯೊಂದು ಸ್ಥಳಕ್ಕೂ ಉತ್ತರಗಳ ಪುಟದಲ್ಲಿ ಒಂದೇ ಉತ್ತರ: ಹೂವಿಗೆ ‘ಸುಂದರವಾದ’, ಆನೆಗೆ ‘ದೊಡ್ಡ’. ಮಸುಕಾಗಿ ಅಚ್ಚಾದ ಚಿತ್ರವನ್ನು ನೋಡಿ ‘ಬಾಡಿದ ಹೂವು’ ಎಂದು ಬರೆದ ಹುಡುಗನ ಉತ್ತರ ಈ ಲೆಕ್ಕದಲ್ಲಿ ತಪ್ಪು. ನನ್ನ ದೃಷ್ಟಿಯಲ್ಲಿ ಇಡೀ ತರಗತಿಯಲ್ಲಿ ಆ ಚಿತ್ರವನ್ನು ನಿಜವಾಗಿ ನೋಡಿದವನು ಅವನೊಬ್ಬನೇ. ಬಾಡಿದ, ಹರಿದ, ನೆನೆದ, ಮಾಗಿದ, ತುಕ್ಕು ಹಿಡಿದ ಎಂಬಂತಹ, ಕ್ರಿಯಾಪದದಿಂದ ಹುಟ್ಟಿದ ಕೃದಂತ ರೂಪಗಳು ಕನ್ನಡ ವರ್ಣನೆಯ ದೊಡ್ಡ ಬಂಡವಾಳವಾಗಿದ್ದರೂ ಕಾರ್ಡುಗಳಲ್ಲಾಗಲಿ ಪುಸ್ತಕದಲ್ಲಾಗಲಿ ಅವುಗಳಿಗೆ ಜಾಗವೇ ಸಿಕ್ಕಿಲ್ಲ. ಇದರ ಜೊತೆಗೆ ‘ವಾದ’ ಸೇರಿಸಿ ಗುಣವಾಚಕ ಮಾಡಿರಿ ಎಂಬ ಸೂಚನೆಯೊಂದಿದ್ದು, ಅದನ್ನು ನಂಬಿದ ಮಕ್ಕಳು ‘ಸುಂದರವಾದ’ದ ಜೊತೆಯಲ್ಲೇ ‘ಹೊಸವಾದ’, ‘ಒಳ್ಳೆಯವಾದ’ ಎಂದೂ ಬರೆಯತೊಡಗಿದರು. ಕೊನೆಯ ಪಾಠದಲ್ಲಿ ಪ್ರತಿ ನಾಮಪದಕ್ಕೂ ಎರಡೆರಡು ಗುಣವಾಚಕ ಸೇರಿಸಬೇಕೆಂಬ ನಿಯಮವಿದೆ. ಹಾಗೆ ಬರೆಸಿದ ‘ನಮ್ಮ ಊರಿನ ಸಂತೆ’ಯಲ್ಲಿ ತಕ್ಕಡಿಯೂ ಸುಂದರ, ಈರುಳ್ಳಿಯೂ ಸುಂದರ, ಎಮ್ಮೆಯೂ ಸುಂದರವಾಗಿತ್ತು.

ಪುಸ್ತಕದ ಚಿತ್ರಗಳಿಗೆ ಬದಲಾಗಿ ನಾವು ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದ ಚಿತ್ರಕಥೆಗಳನ್ನು ಬಳಸಿದೆವು. ಅಲ್ಲಿ ಕನ್ನಡದ ಕಥೆಗಳು ಉಚಿತವಾಗಿ ದೊರೆಯುತ್ತವೆ ಮತ್ತು ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಒಂದು ಪುಟದ ಮಾತನ್ನು ಮುಚ್ಚಿ ಚಿತ್ರವನ್ನಷ್ಟೇ ತೋರಿಸಿ, ಅದರಲ್ಲಿನ ಒಂದೇ ವಸ್ತುವನ್ನು ಆರಿಸಿಕೊಂಡು, ಚಿತ್ರ ನೋಡದ ಗೆಳೆಯನೂ ಗುರುತಿಸುವಂತೆ ಬರೆಯಿರಿ ಎಂದರೆ, ಚೀಲದ ಆಟವೇ ಬರವಣಿಗೆಯಾಗಿ ಮುಂದುವರಿಯುತ್ತದೆ.

ಒಬ್ಬಿಬ್ಬರು ಮಕ್ಕಳಿರುವ ಮನೆಗೆ ಈ ಪೆಟ್ಟಿಗೆಯ ಅಗತ್ಯವಿಲ್ಲ. ಹಳೆಯ ದಿಂಬಿನ ಚೀಲವೂ ಅಡುಗೆಮನೆಯ ಡಬ್ಬಿಗಳಲ್ಲಿರುವ ಸಾಮಾನೂ ಸಾಕಾಗುತ್ತವೆ. ಗುಂಪು ಮಾಡಿ ಕೂರಿಸುವ ತರಗತಿಗೆ ಕಾರ್ಡು ಮತ್ತು ಜಾರುಪಟ್ಟಿಗಾಗಿ ಕೊಳ್ಳಬಹುದು. ಆದರೆ ಅಭ್ಯಾಸ ಪುಸ್ತಕವನ್ನು ಮಕ್ಕಳ ಕೈಗೆ ಕೊಡುವ ಮೊದಲು ಉತ್ತರಗಳ ಪುಟವನ್ನು ಕಿತ್ತಿಟ್ಟುಕೊಳ್ಳುವುದು ಒಳ್ಳೆಯದು.