ಕೆಟ್ಟ 454: ಬೋರ್ ಮಾಡಿಸುವುದೋ, ಬದಲಿ ಇಂಜಿನ್ನೋ, 502 ಕೂರಿಸುವುದೋ?

ಮರ್ಕ್ರೂಸರ್ ಹೆಸರಿನ ಬೋಟು ಇಂಜಿನ್ನಾಗಿ ಬರುವ ಷೆವ್ರೊಲೆ ಬಿಗ್ ಬ್ಲಾಕ್ 454 (7.4 ಲೀಟರ್ ವಿ-8) ಕೈಕೊಟ್ಟರೆ ಮುಂದಿರುವುದು ಮೂರು ದಾರಿ: ಅದೇ ಇಂಜಿನ್ನಿನ ಸಿಲಿಂಡರ್ ಕೊರೆಸಿ (ಬೋರ್ ಮಾಡಿಸಿ) ರಿಪೇರಿ, ರೀಬಿಲ್ಟ್ ಬದಲಿ ಇಂಜಿನ್, ಇಲ್ಲವೇ ದೊಡ್ಡ 502. ಮೂರನ್ನೂ ಮಾಡಿ ನೋಡಿದ ಮೇಲೆ ಹೇಳುವುದಿಷ್ಟು: ಬೆಲೆ ವಿಚಾರಿಸುವ ಮೊದಲು ಇಂಜಿನ್ ಯಾಕೆ ಸತ್ತಿತು ಅಂತ ಪತ್ತೆ ಹಚ್ಚಿ.

ಮಿಷಿಗನ್, ಮಿನೆಸೋಟದಂಥ ಚಳಿ ಸೀಮೆಯಲ್ಲಿ ನೀರು ಬಸಿಯದೆ ಬಿಟ್ಟ ಬ್ಲಾಕ್ ಚಳಿಗಾಲದಲ್ಲಿ ಸೀಳುತ್ತದೆ. ನೀರು ಮಂಜಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಬೀಡು ಕಬ್ಬಿಣ ಹಿಗ್ಗುವುದಿಲ್ಲ. ಫ್ಲಾರಿಡಾದ ಉಪ್ಪುನೀರಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಅದರ ಮೇಲಿನ ಹೊಗೆ ಕೊಳವೆಯಾದ ರೈಸರ್ ಒಳಗಿನಿಂದ ತುಕ್ಕು ತಿಂದು ನೀರು ಸಿಲಿಂಡರಿಗೆ ಇಳಿಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ತಿರುಗಿಸಿದಾಗ ನೀರು ಚಿಮ್ಮಿದರೆ ಅನುಮಾನವೇ ಬೇಡ. ಈ ಮ್ಯಾನಿಫೋಲ್ಡನ್ನೇ ಹೊಸ ಇಂಜಿನ್ನಿಗೂ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಬ್ಲಾಕ್ ಗಟ್ಟಿಯಿದ್ದರೆ ನಮ್ಮ ಮತ ಬೋರ್ ಮಾಡಿಸುವುದಕ್ಕೇ. ಮೂಲ ಬೋರ್ 4.250 ಇಂಚು. 30 ತೌ (ಒಂದು ತೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದೊಡ್ಡದು ಮಾಡಿಸುವುದು ರೂಢಿ. 60 ತೌಗೆ ಹೋಗುವ ಮೊದಲು ಸಿಲಿಂಡರ್ ಗೋಡೆಯ ದಪ್ಪವನ್ನು ಸೋನಿಕ್ ಟೆಸ್ಟ್ (ಶಬ್ದದ ಅಲೆಯಿಂದ ಅಳೆಯುವುದು) ಮಾಡಿಸಿ, ಯಾಕೆಂದರೆ ಉಪ್ಪುನೀರು ಗೋಡೆಯನ್ನು ಹಿಂಬದಿಯಿಂದ ತಿಂದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕ್ರ್ಯಾಂಕ್ 10 ತೌ ಗ್ರೈಂಡ್ ಆದರೆ ಬೇರಿಂಗೂ ಅದೇ ಅಳತೆಯದು. ಮೇನ್ ಬೇರಿಂಗಿಗೆ ಎರಡೂವರೆಯಿಂದ ಮೂರು ತೌ ಸಂದು ಬಿಡಿ. ಹೆಡ್ ಬೋಲ್ಟ್ ಪ್ರತಿ ಬದಿಗೆ 16. ಹಲವು ನೇರ ವಾಟರ್ ಜಾಕೆಟ್ಟಿಗೆ ತೆರೆಯುವುದರಿಂದ ಬೋಲ್ಟಿನ ಥ್ರೆಡ್ಡಿಗೆ ಸೀಲೆಂಟ್ ಹಚ್ಚಲೇಬೇಕು, ಇಲ್ಲದಿದ್ದರೆ ನೀರು ಮೇಲಕ್ಕೆ ಜಿನುಗುತ್ತದೆ. ಹಳೆಯ ಪೀಳಿಗೆಯಾದ ಮಾರ್ಕ್ 4ರಲ್ಲಿ ಇವನ್ನು 80 ಅಡಿ-ಪೌಂಡಿಗೆ ಬಿಗಿಯಬೇಕು, ಮೂರು ಸುತ್ತಿನಲ್ಲಿ. ಬ್ಲಾಕಿನ ತೂತು ಮುಚ್ಚುವ ಫ್ರೀಜ್ ಪ್ಲಗ್ ಹಿತ್ತಾಳೆಯದೇ, ಹೆಡ್ ಗ್ಯಾಸ್ಕೆಟ್ ಮರೈನಿನದೇ ಇರಲಿ.

ಬ್ಲಾಕ್ ಸೀಳಿದ್ದರೆ ಹಳೆಯದನ್ನು ಕೊಟ್ಟು ರೀಬಿಲ್ಟ್ ಲಾಂಗ್ ಬ್ಲಾಕ್ (ಹೆಡ್‌ಗಳ ಸಮೇತ ಜೋಡಿಸಿದ ಇಂಜಿನ್) ತರುವುದೇ ಸರಿ. ಒಂದು ತೊಡಕು: ಸೀಳಿದ ಬ್ಲಾಕಿಗೆ ಕೋರ್ ಡೆಪಾಸಿಟ್ (ಹಳೆಯ ಇಂಜಿನ್ ಮರಳಿಸಲೆಂದು ಇಡುವ ಠೇವಣಿ) ವಾಪಸ್ ಸಿಗುವುದು ಕಷ್ಟ. ಆರ್ಡರ್ ಮಾಡುವಾಗ ಪೀಳಿಗೆ ಸರಿಯಾಗಿ ಹೇಳಿ. ಮಾರ್ಕ್ 4ರಲ್ಲಿ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಎರಡು ತುಂಡು. 1991ರಿಂದ ಬಂದ ಜೆನ್ 5, ಜೆನ್ 6ರದು ಒಂದೇ ತುಂಡು, ಫ್ಲೈವೀಲಿನ ತೂಕದ ಲೆಕ್ಕವೂ ಬೇರೆ. ತಪ್ಪು ಫ್ಲೈವೀಲ್ ಹಾಕಿದರೆ ಬೋಟೆಲ್ಲ ನಡುಗುತ್ತದೆ. ಮಾರ್ಕ್ 4ರ ಹೆಡ್‌ಗಳನ್ನು ಜೆನ್ 5 ಬ್ಲಾಕಿನ ಮೇಲೆ ಮಾಮೂಲಿ ಗ್ಯಾಸ್ಕೆಟ್ಟಿನಲ್ಲಿ ಕೂರಿಸಿದರೆ ನೀರು ಆಯಿಲಿಗೆ ಸೇರುತ್ತದೆ. ಜೋಡಿ ಇಂಜಿನ್ನಿನ ಹಳೆಯ ಬೋಟಾದರೆ ಒಂದು ಎಡಕ್ಕೆ ತಿರುಗುವುದೋ ಬಲಕ್ಕೋ ಎಂಬುದನ್ನೂ ನೋಡಿಕೊಳ್ಳಿ. ಕ್ಯಾಮ್, ಸ್ಟಾರ್ಟರ್, ಸೀಲ್ ಮೂರೂ ಬೇರೆಯಾಗುತ್ತವೆ.

502, ಅಂದರೆ 8.2 ಲೀಟರ್, ಹೊರ ಅಳತೆಯಲ್ಲಿ 454ರಷ್ಟೇ; ಮೌಂಟ್, ಮ್ಯಾನಿಫೋಲ್ಡ್ ಹಾಗೇ ಕೂರುತ್ತವೆ. ಅದಕ್ಕೇ ಆಸೆ ಹುಟ್ಟುವುದು. ಆದರೆ ಪ್ರೊಪೆಲರ್ ಬದಲಿಸಲೇಬೇಕು, ಇಲ್ಲದಿದ್ದರೆ ಆರ್‌ಪಿಎಂ ಮಿತಿ ಮೀರುತ್ತದೆ. ಪಿಚ್ ಒಂದು ಇಂಚು ಏರಿದರೆ ಸುಮಾರು 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ಎಂಪಿಐ (ಫ್ಯುಯೆಲ್ ಇಂಜೆಕ್ಷನ್) ಇಂಜಿನ್ ಆದರೆ ಇಸಿಎಂ, ಅಂದರೆ ಇಂಜಿನ್ ಕಂಪ್ಯೂಟರಿನ ಕ್ಯಾಲಿಬ್ರೇಷನ್ ಖರ್ಚು ಬೇರೆ. ಅಗ್ಗವೆಂದು ಕಾರಿಗೆಂದು ಮಾರುವ 502 ತಂದು ಹಾಗೇ ಇಳಿಸಬೇಡಿ: ಅದರ ಸ್ಟಾರ್ಟರ್, ಆಲ್ಟರ್ನೇಟರಿನ ಕಿಡಿ ಬಿಲ್ಜಿನಲ್ಲಿ (ಬೋಟಿನ ತಳದಲ್ಲಿ) ನಿಂತ ಪೆಟ್ರೋಲ್ ಆವಿಗೆ ತಗಲಿದರೆ ಸ್ಫೋಟವೇ. ಕಾರಿನ ವೇಗಕ್ಕೆಂದೇ ಮಾಡಿದ ಹಾಟ್ ಕ್ಯಾಮ್ ಐಡಲಿನಲ್ಲಿ ಎಕ್ಸಾಸ್ಟಿನ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಹೆಚ್ಚು ವೇಗದ ಹುಚ್ಚಿಲ್ಲದವರಿಗೆ 502 ದಂಡ.

ಬೇರಿಂಗ್ ಹೋಗಿ ಸತ್ತ ಇಂಜಿನ್ನಾದರೆ, ಯಾವ ದಾರಿ ಹಿಡಿದರೂ ಆಯಿಲ್ ಕೂಲರ್ ಹೊಸದು ಹಾಕಿ. ಅದರ ಸಣ್ಣ ಕೊಳವೆಗಳಲ್ಲಿ ಉಳಿದ ಲೋಹದ ಪುಡಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೊಸ ಬೇರಿಂಗುಗಳನ್ನು ಮೊದಲ ದಿನವೇ ಗೀಚುತ್ತದೆ. ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರ್ ತೆಗೆದು ಡ್ರಿಲ್ಲಿನಿಂದ ಆಯಿಲ್ ಪಂಪ್ ತಿರುಗಿಸಿ, ರಾಕರುಗಳಲ್ಲಿ ಆಯಿಲ್ ಕಾಣುವವರೆಗೆ. ಫ್ಲಾಟ್ ಟ್ಯಾಪೆಟ್ ಕ್ಯಾಮ್ (ರೋಲರ್ ಇಲ್ಲದ್ದು) ಇದ್ದರೆ ಐಡಲಿಗೆ ಬಿಡದೆ 20–30 ನಿಮಿಷ 2000 ಆರ್‌ಪಿಎಂ ಸುತ್ತಮುತ್ತ ಓಡಿಸಬೇಕು. ತೋಟದ ಹೋಸಿನ ನೀರು ಅದಕ್ಕೆ ಸಾಲದು. ಬೋಟನ್ನು ನೀರಿಗಿಳಿಸಿ, ಹಗ್ಗ ಕಟ್ಟಿಯೇ ಮಾಡಿ.