ಅರ್ಧದವರೆಗೆ ನಿಧಾನ, ಆಮೇಲೆ ಧಾವಂತ: ನನ್ನ ಕಾರಿನ ಫ್ಯೂಯೆಲ್ ಗೇಜ್

ಬೆಂಗಳೂರಿನ ಓಡಾಟಕ್ಕೂ ಆಗಾಗ ಮಂಗಳೂರಿನ ಪ್ರಯಾಣಕ್ಕೂ ಹಲವು ವರ್ಷಗಳಿಂದ ಬಳಸುತ್ತಿರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದು. ಎಂಜಿನ್, ಗೇರ್, ಏಸಿಗಳ ಬಗ್ಗೆ ತಕರಾರಿಲ್ಲ. ಕೊಳ್ಳುವಾಗ ಯಾರೂ ವಿಚಾರಿಸದ, ಕೊಂಡ ಮೇಲೆ ದಿನವೂ ಕಣ್ಣು ಹಾಯಿಸುವ ಫ್ಯೂಯೆಲ್ ಗೇಜಿನ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಟ್ಯಾಂಕ್ 37 ಲೀಟರಿನದು, ಗೇಜಿನಲ್ಲಿರುವುದು 8 ಗೆರೆ. ಲೆಕ್ಕದಂತೆ ಗೆರೆಯೊಂದಕ್ಕೆ ಸುಮಾರು ನಾಲ್ಕೂವರೆ ಲೀಟರ್ ಬರಬೇಕು. ಆದರೆ ಫುಲ್ ಟ್ಯಾಂಕ್ ಮಾಡಿಸಿದಾಗ ಮೊದಲ ಗೆರೆ ನೂರು ಕಿಲೋಮೀಟರ್ ದಾಟಿದರೂ ಕದಲುವುದಿಲ್ಲ, ಅರ್ಧಕ್ಕಿಂತ ಕೆಳಗಿಳಿದ ಮೇಲಂತೂ ಗೆರೆಗಳು ಒಂದರ ಹಿಂದೊಂದು ಮಾಯವಾಗುತ್ತವೆ. ಕಾರಣ ಸರಳ: ಗೇಜ್ ಅಳೆಯುವುದು ಪೆಟ್ರೋಲಿನ ಮಟ್ಟವನ್ನೇ ಹೊರತು ಪ್ರಮಾಣವನ್ನಲ್ಲ. ಟ್ಯಾಂಕಿನೊಳಗೆ ಸಣ್ಣ ತೋಳೊಂದರ ತುದಿಯಲ್ಲಿ ಫ್ಲೋಟ್ ತೇಲುತ್ತಿರುತ್ತದೆ. ತೋಳು ಏರಿಳಿದಂತೆ ಅದರ ಬುಡದಲ್ಲಿರುವ ಲೋಹದ ಸಂಪರ್ಕವು ವಿದ್ಯುತ್ತಿಗೆ ತಡೆಯೊಡ್ಡುವ ರೆಸಿಸ್ಟರ್ ಪಟ್ಟಿಯ ಮೇಲೆ ಜಾರುತ್ತದೆ, ಆಗ ಬದಲಾಗುವ ರೋಧವನ್ನು ಮೀಟರ್ ಗೆರೆಗಳಾಗಿ ತೋರಿಸುತ್ತದೆ. ಟ್ಯಾಂಕ್ ತುಂಬಿದಾಗ ಫ್ಲೋಟ್ ತನ್ನ ಮೇಲಿನ ಮಿತಿಗೆ ಬಂದು ನಿಂತುಬಿಡುವುದರಿಂದ, ಅದಕ್ಕಿಂತ ಮೇಲಿರುವ ಪೆಟ್ರೋಲ್ ಖರ್ಚಾಗುವವರೆಗೆ ಗೇಜಿಗೆ ಏನೂ ತಿಳಿಯುವುದಿಲ್ಲ. ಜೊತೆಗೆ ಹಿಂದಿನ ಸೀಟಿನ ಕೆಳಗೆ ಸಿಕ್ಕ ಜಾಗಕ್ಕೆ ತಕ್ಕಂತೆ ಅಚ್ಚು ಹಾಕಿದ ಪ್ಲಾಸ್ಟಿಕ್ ಟ್ಯಾಂಕ್ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವುದಿಲ್ಲ. ಈ ವ್ಯತ್ಯಾಸವನ್ನು ಮೀಟರಿನ ಎಲೆಕ್ಟ್ರಾನಿಕ್ಸ್‌ನಲ್ಲೇ ಸರಿದೂಗಿಸಬಹುದಾಗಿತ್ತು. ಕಂಪನಿ ಅಷ್ಟು ಮುತುವರ್ಜಿ ವಹಿಸಿದಂತೆ ಕಾಣುವುದಿಲ್ಲ.

ಶಿರಾಡಿ ಘಾಟಿಯಲ್ಲಿ ಇನ್ನೊಂದು ಬಗೆಯ ವ್ಯತ್ಯಾಸ ಕಾಣುತ್ತದೆ. ಏರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಹಿಂಬದಿಗೆ ಸರಿದು ಫ್ಲೋಟ್ ಇರುವಲ್ಲಿನ ಮಟ್ಟ ಬದಲಾಗುತ್ತದೆ. ಸಣ್ಣಪುಟ್ಟ ತುಳುಕಾಟಕ್ಕೆ ಗೆರೆ ಕುಣಿಯದಿರಲೆಂದು ಮೀಟರ್ ಸರಾಸರಿ ತೆಗೆದು ನಿಧಾನವಾಗಿ ಬದಲಾಗುವುದರಿಂದ ಚಿಕ್ಕ ಉಬ್ಬು ಲೆಕ್ಕಕ್ಕೆ ಬರುವುದಿಲ್ಲ, ಉದ್ದನೆಯ ಏರು ಮಾತ್ರ ಬರುತ್ತದೆ. ಎಂಜಿನ್ ಆರಿಸದೆ ಇನ್ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿಕೊಂಡು ಗೆರೆ ಏರಲಿಲ್ಲವೆಂದು ಬಂಕಿನವರೊಡನೆ ಜಗಳಕ್ಕಿಳಿಯುವವರು ಮೀಟರ್ ಹೀಗೆ ನಿಧಾನವಾಗಿ ಬದಲಾಗುವ ಸಂಗತಿಯನ್ನು ತಿಳಿದಿರಬೇಕು. ಅಳತೆಯ ಮೇಲೆಯೇ ಅನುಮಾನವಿದ್ದರೆ ಬಂಕಿನಲ್ಲಿರುವ, ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆಪಾತ್ರೆಯಲ್ಲಿ ಹಿಡಿದು ತೋರಿಸುವಂತೆ ಕೇಳಬಹುದು; ಗೇಜಿನ ಗೆರೆ ಅದಕ್ಕೆ ಸಾಕ್ಷಿಯಾಗದು.

ಇನ್ನೆಷ್ಟು ಕಿಲೋಮೀಟರ್ ಓಡಬಹುದೆಂದು ತೋರಿಸುವ ಅಂಕಿಯನ್ನು ಗೇಜಿಗಿಂತಲೂ ಕಡಿಮೆ ನಂಬುತ್ತೇನೆ. ಅದು ಉಳಿದ ಪೆಟ್ರೋಲನ್ನು ಇತ್ತೀಚಿನ ಮೈಲೇಜಿನಿಂದ ಗುಣಿಸಿ ಬರುವ ಅಂದಾಜು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ನಿಂತಷ್ಟು ಹೊತ್ತೂ ಇಳಿಯುವ ಈ ಅಂಕಿ ಹೆದ್ದಾರಿಗೆ ಬಂದೊಡನೆ ಹಿಗ್ಗುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲ್ ಬಂದ ಮೇಲೆ ಗೇಜ್ ಕೆಟ್ಟಿದೆಯೆಂದು ದೂರುವವರನ್ನು ಕಂಡಿದ್ದೇನೆ. ಒಂದು ಲೀಟರ್ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಯಾದ್ದರಿಂದ ಮೈಲೇಜ್ ತುಸು ಇಳಿಯುವುದು ನಿಜ. ಟ್ಯಾಂಕ್ ಬೇಗ ಬರಿದಾದರೆ ಗೇಜ್ ಅದನ್ನು ಸರಿಯಾಗಿಯೇ ತೋರಿಸುತ್ತಿರುತ್ತದೆ.

ನಿಜವಾದ ದೋಷವೂ ಒಮ್ಮೆ ಕಾಣಿಸಿಕೊಂಡಿತು. ಅರ್ಧ ಟ್ಯಾಂಕ್ ಇರುವಾಗಲೇ ಗೆರೆಗಳೆಲ್ಲ ಆರಿ, ಸ್ವಲ್ಪ ದೂರ ಹೋದ ಮೇಲೆ ಮರಳಿ ಬರುತ್ತಿದ್ದವು. ಸರ್ವಿಸ್ ಸೆಂಟರಿನಲ್ಲಿ ಫ್ಲೋಟಿನ ಭಾಗವನ್ನು ಬಿಡಿಯಾಗಿ ಕೊಡುವುದಿಲ್ಲ, ಪೆಟ್ರೋಲ್ ಪಂಪಿನ ಇಡೀ ಸೆಟ್ಟನ್ನೇ ಬದಲಿಸಬೇಕು ಎಂದರು. ಪರಿಚಯದ ಮೆಕ್ಯಾನಿಕ್ ಒಬ್ಬರು ಬ್ಯಾಟರಿಯ ತಂತಿ ಕಳಚಿ, ಹಿಂದಿನ ಸೀಟನ್ನೆತ್ತಿ, ಅದರಡಿಯ ಮುಚ್ಚಳ ಬಿಚ್ಚಿ ಸೆಟ್ಟನ್ನು ಹೊರತೆಗೆದರು. ಬೆರಳುದ್ದದ ರೆಸಿಸ್ಟರ್ ಪಟ್ಟಿಯ ನಡುಭಾಗದಲ್ಲಿ ಕಪ್ಪು ಪದರವೊಂದು ಕಟ್ಟಿಕೊಂಡಿತ್ತು. ಮಲ್ಟಿಮೀಟರ್ ಹಿಡಿದು ತೋಳನ್ನು ಮೆಲ್ಲಗೆ ಎತ್ತಿದರೆ ಓಮ್‌ಗಳ ಅಂಕಿ ಕ್ರಮವಾಗಿ ಬದಲಾಗುತ್ತ ಬಂದು, ಸರಿಯಾಗಿ ಆ ಜಾಗದಲ್ಲೇ ಸಂಪರ್ಕ ಕಡಿದುಹೋಗುತ್ತಿತ್ತು. ಇಂಧನದಲ್ಲಿರುವ ಗಂಧಕದ ಅಂಶ ಇಂಥ ಸಂಪರ್ಕಗಳನ್ನು ಕಪ್ಪಾಗಿಸುವುದು ಹೊಸದೇನಲ್ಲ. ಒರೆಸಿ ಸ್ವಚ್ಛಗೊಳಿಸಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ಪೆಟ್ರೋಲಿನ ಆವಿಯಿರುವ ಜಾಗವಾದ್ದರಿಂದ ಈ ಕೆಲಸವನ್ನು ಮನೆಯಲ್ಲಿ ಯಾರೂ ಮಾಡಬಾರದು.

ಗೇಜಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಅದಕ್ಕಿಂತ ಕಡಿಮೆ ಕೊಡದಿರಲು ಕಾರಣ ಕೊನೆಯಲ್ಲಿ ಹೊತ್ತಿಕೊಳ್ಳುವ ಹಳದಿ ದೀಪ. ಅದು ಹೊತ್ತಿದಾಗ ತುಂಬಿಸಿದರೆ ಬಂಕಿನ ಮೀಟರ್ ಹೆಚ್ಚುಕಡಿಮೆ ಪ್ರತಿಸಲವೂ 32 ಲೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಅಂದರೆ ಐದು ಲೀಟರಿನಷ್ಟು ಉಳಿದಿರುತ್ತದೆ. ಟ್ಯಾಂಕಿನೊಳಗಿನ ಪಂಪ್ ತಂಪಾಗಿರುವುದು ಪೆಟ್ರೋಲಿನಿಂದಲೇ ಆದ್ದರಿಂದ ಆ ಐದು ಲೀಟರನ್ನು ನಾನು ಮುಟ್ಟುವುದಿಲ್ಲ.