ಡಿಜಿಟಲ್ ಫೋಟೊ ಫ್ರೇಮ್: ಬಳ್ಳಾರಿ ಬಿಸಿಲಿಗೆ, ರಾಯಚೂರಿನ ಕರೆಂಟಿಗೆ ಎಷ್ಟು ತಡೆಯುತ್ತದೆ?

ಫೋಟೊಗಳನ್ನು ಒಂದಾದ ಮೇಲೊಂದು ತೋರಿಸುವ ಪುಟ್ಟ ಪರದೆ, ಅಂದರೆ ಡಿಜಿಟಲ್ ಫೋಟೊ ಫ್ರೇಮ್, ಕೆಟ್ಟಿತು ಎಂದು ಮೂಲೆಗೆ ಹಾಕಿದವರು ಒಮ್ಮೆ ಹೊರತೆಗೆದು ನೋಡಬೇಕು. ಪರದೆ, ಒಳಗಿನ ಬೋರ್ಡು ಎರಡೂ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತವೆ. ಅಡಾಪ್ಟರ್ ಸೊರಗಿರುತ್ತದೆ, ಇಲ್ಲವೇ ಮೆಮರಿ ಕಾರ್ಡ್ ಹೋಗಿರುತ್ತದೆ, ಇಲ್ಲವೇ ಫೋಟೊ ತಲುಪಿಸುತ್ತಿದ್ದ ಕಂಪನಿ ತನ್ನ ಸೇವೆಯನ್ನೇ ಬದಲಿಸಿರುತ್ತದೆ. ಅಂಗಡಿಯಲ್ಲಿ ಪರದೆಯ ಹೊಳಪು ನೋಡಿ ಮನಸೋಲುವ ಮೊದಲು ಈ ಮೂರನ್ನು ವಿಚಾರಿಸಿಕೊಳ್ಳಬೇಕು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹೇಳದೆ ಕೇಳದೆ ಹೋಗಿಬರುವ ಕರೆಂಟು, ಅದಿರಿನ ಕೆಂಧೂಳು ಇರುವ ನಮ್ಮ ಕಡೆಯಂತೂ ಇದು ಇನ್ನೂ ಮುಖ್ಯ.

ಮೊದಲು ಅಡಾಪ್ಟರ್. 7 ಇಂಚಿನ ಫ್ರೇಮ್‌ಗಳು ಹೆಚ್ಚಾಗಿ 5 ವೋಲ್ಟ್‌ನವು. 10 ಇಂಚಿನವು 5 ವೋಲ್ಟ್ 2 ಆಂಪಿಯರ್ ಅಥವಾ 12 ವೋಲ್ಟ್ 1ರಿಂದ 1.5 ಆಂಪಿಯರ್. ಅಡಾಪ್ಟರಿನ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (ಕರೆಂಟಿನ ಏರಿಳಿತ ಸಮ ಮಾಡುವ ಭಾಗ) ಶಾಖಕ್ಕೆ ಒಣಗುತ್ತಾ ಬರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ಅದು ಒಣಗಿದ ಗುರುತು ಹೀಗಿರುತ್ತದೆ: ಫ್ರೇಮ್ ಆನ್ ಆಗಿ ಕಂಪನಿಯ ಲೋಗೊ ತೋರಿಸಿ ಆರುತ್ತದೆ, ಮತ್ತೆ ಲೋಗೊ, ಮತ್ತೆ ಆರುತ್ತದೆ. ಬ್ರೈಟ್‌ನೆಸ್ ಕಡಿಮೆ ಮಾಡಿದರೆ ಓಡುತ್ತದೆ, ಏರಿಸಿದರೆ ನಿಲ್ಲುತ್ತದೆ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಫ್ರೇಮ್ ಓಡುತ್ತಿರುವಾಗಲೇ ಅಳೆಯಬೇಕು. ಬರಿಯ ಅಡಾಪ್ಟರ್ ಅಳೆದರೆ 12 ವೋಲ್ಟ್ ಸರಿಯಾಗಿಯೇ ತೋರಿಸಿ ಮೋಸ ಮಾಡುತ್ತದೆ. ಲೋಡ್ ಬಿದ್ದಾಗ 11ಕ್ಕಿಂತ ಕೆಳಗೆ ಇಳಿದರೆ ಅಥವಾ 5 ವೋಲ್ಟ್‌ನದು 4.7ಕ್ಕಿಂತ ಕೆಳಗೆ ಬಂದರೆ ಅದನ್ನು ಬದಲಿಸಿ.

12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಹುಡುಕಲು ದೂರ ಹೋಗಬೇಕಿಲ್ಲ. ಸಿಸಿಟಿವಿ ಕ್ಯಾಮೆರಾ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಆಂಪಿಯರ್ ಹೆಚ್ಚಿದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. ವೋಲ್ಟ್ ಮಾತ್ರ ಫ್ರೇಮಿನ ಹಿಂದೆ ಬರೆದಷ್ಟೇ ಇರಬೇಕು. ಪಿನ್ನು ಕೂತಿತೆಂದು 5 ವೋಲ್ಟ್‌ನ ಫ್ರೇಮಿಗೆ ರೂಟರಿನ 12 ವೋಲ್ಟ್ ಕೊಟ್ಟರೆ ಬೋರ್ಡು ಆ ಕ್ಷಣವೇ ಸುಡುತ್ತದೆ, ವಾರಂಟಿಯೂ ಸಿಗುವುದಿಲ್ಲ. ಪಿನ್ನಿನ ನಡುವೆ ಪ್ಲಸ್ ಇದೆಯೇ ಎಂದು ಚಿತ್ರದ ಗುರುತು ನೋಡಿ ಹೊಂದಿಸಿಕೊಳ್ಳಿ. ಹೊಸ ಅಡಾಪ್ಟರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ.

ಕರೆಂಟಿನ ವಿಷಯಕ್ಕೆ ಅಂಗಡಿಯಲ್ಲೇ ಮಾಡಿ ನೋಡಬೇಕಾದ ಪರೀಕ್ಷೆ ಒಂದಿದೆ. ಎಷ್ಟು ಗಡಿಬಿಡಿ ಇದ್ದರೂ ಇದನ್ನು ಬಿಡಬಾರದು. ಕಾರ್ಡ್ ಹಾಕಿ ಚಿತ್ರಗಳು ಓಡಲಿ. ಗೋಡೆಯ ಸ್ವಿಚ್ ಆರಿಸಿ, 10 ಸೆಕೆಂಡ್ ಬಿಟ್ಟು ಹಾಕಿ. ಯಾರೂ ಗುಂಡಿ ಒತ್ತದೆ, ರಿಮೋಟ್ ಹಿಡಿಯದೆ ಫ್ರೇಮ್ ತಾನಾಗಿ ಚಿತ್ರ ತೋರಿಸಲು ಶುರು ಮಾಡಬೇಕು. ಮೂರು ಸಲ ಹೀಗೆ ಮಾಡಿ. ಕೆಲವು ಫ್ರೇಮ್‌ಗಳು ಮೆನುವಿನಲ್ಲಿ ಬಂದು ನಿಲ್ಲುತ್ತವೆ, ಕೆಲವು ಆನ್ ಆಗುವುದೇ ಇಲ್ಲ. ಮಗ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇದ್ದು, ಸಿಂಧನೂರಿನ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ ಇದ್ದರೆ ಇಂಥ ಫ್ರೇಮ್ ಮೊದಲ ವಾರಕ್ಕೇ ಕಪ್ಪಾಗಿ ಕೂರುತ್ತದೆ. ಈ ಪರೀಕ್ಷೆಯಲ್ಲಿ ಸೋತದ್ದನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ.

ಗಡಿಯಾರವನ್ನೂ ಅದೇ ಹೊತ್ತಿಗೆ ನೋಡಿ. ಒಳಗೆ ನಾಣ್ಯದಂಥ ಸೆಲ್ ಇಲ್ಲದ ಕಾರ್ಡ್ ಫ್ರೇಮುಗಳಲ್ಲಿ ಕರೆಂಟು ಹೋದರೆ ಸಮಯ ಅಳಿದುಹೋಗುತ್ತದೆ. ಆಮೇಲೆ ಬೆಳಗ್ಗೆ 7ಕ್ಕೆ ಆನ್, ರಾತ್ರಿ 10ಕ್ಕೆ ಆಫ್ ಎಂದು ಇಟ್ಟದ್ದು ತಲೆಕೆಳಗಾಗಿ, ಹಗಲು ಮಲಗಿ ರಾತ್ರಿ ಎದ್ದು ಕೂರುತ್ತದೆ. ವೈಫೈ ಇರುವವು ಇಂಟರ್ನೆಟ್ಟಿನಿಂದ ಸಮಯ ತಗೊಳ್ಳುವುದರಿಂದ ಈ ಕಾಟ ಇಲ್ಲ.

ಇನ್ವರ್ಟರ್ ಲೈನಿಗೆ ಹಾಕಿದರೆ ಅರ್ಧ ತೊಂದರೆ ಕಳೆಯಿತು. 10 ಇಂಚಿನದು ಎಳೆಯುವುದು 5ರಿಂದ 10 ವ್ಯಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. 8 ವ್ಯಾಟ್‌ನಂತೆ ದಿನಕ್ಕೆ 16 ಗಂಟೆ ಓಡಿಸಿದರೂ ತಿಂಗಳಿಗೆ 4 ಯೂನಿಟ್ ದಾಟುವುದಿಲ್ಲ. ವೈಫೈ ಫ್ರೇಮ್ ಆದರೆ ರೂಟರನ್ನೂ ಅದೇ ಲೈನಿಗೆ ತರಬೇಕು. ಕರೆಂಟು ಬಂದಾಗ ಫ್ರೇಮ್ ಬೇಗ ಏಳುತ್ತದೆ, ಫೈಬರ್ ರೂಟರ್ ತಡವಾಗಿ ಏಳುತ್ತದೆ. ಅಷ್ಟರಲ್ಲಿ ಕೆಲವು ಫ್ರೇಮ್‌ಗಳು ನೆಟ್‌ವರ್ಕ್ ಇಲ್ಲವೆಂದು ಹುಡುಕುವುದನ್ನೇ ಬಿಟ್ಟುಬಿಡುತ್ತವೆ.

ಕಾರ್ಡ್ ಹಾಕುವ ಬಗೆಯದು, ಚಿತ್ರಗಳನ್ನು ತನ್ನೊಳಗೇ ಇಟ್ಟುಕೊಳ್ಳುವ ವೈಫೈ ಬಗೆಯದು, ಎಲ್ಲವನ್ನೂ ಕಂಪನಿಯ ಸರ್ವರ್‌ನಲ್ಲೇ ಇಡುವ ಬಗೆಯದು ಎಂದು ಫ್ರೇಮ್‌ಗಳು ಮೂರು ತೆರ. ನಂಬಿಕೆಯ ಮಾತಿಗೆ ಬಂದರೆ ಮೂರನೆಯದನ್ನು ನಮ್ಮ ಊರುಗಳಿಗೆ ಹೇಳಲಾಗದು. ನೆಟ್ ಹೋದಾಗ ಅದಕ್ಕೆ ಕೈಕಾಲು ಆಡುವುದಿಲ್ಲ. ಕಂಪನಿ ಇವತ್ತು ಪುಕ್ಕಟೆ ಎಂದದ್ದಕ್ಕೆ ನಾಳೆ ಚಂದಾ ಕೇಳಬಹುದು. ಗೂಗಲ್ ಫೋಟೋಸ್ ಆಲ್ಬಮ್‌ಗಳನ್ನು ತಾನಾಗಿ ಎಳೆದುಕೊಳ್ಳುತ್ತಿದ್ದ ಫ್ರೇಮ್‌ಗಳ ಗತಿ ನೋಡಿ: 2025ರ ಮಾರ್ಚ್ 31ರಿಂದ ಗೂಗಲ್ ಹೊರಗಿನ ಆ್ಯಪ್‌ಗಳಿಗೆ ಇಡೀ ಸಂಗ್ರಹವನ್ನು ಓದುವ ಅವಕಾಶ ನಿಲ್ಲಿಸಿತು. ಈಗ ಬಳಕೆದಾರರು ಚಿತ್ರಗಳನ್ನು ಕೈಯಿಂದ ಆರಿಸಿ ಕೊಡಬೇಕು. ಫ್ರೇಮಿನ ಒಂದು ಸ್ಕ್ರೂ ಸಡಿಲವಾಗದೆಯೇ ಅದರ ಒಂದು ಕೆಲಸ ನಿಂತುಹೋಯಿತು.

ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ಫ್ರೇಮಿಯೊ ಆ್ಯಪ್ ಬಳಸುವ ಫ್ರೇಮ್‌ಗಳು. ಹಲವು ಕಂಪನಿಗಳ ಹೆಸರಿನಲ್ಲಿ ಬರುತ್ತವೆ. ಫ್ರೇಮ್ ತೋರಿಸುವ ಕೋಡನ್ನು ಫೋನಿನಲ್ಲಿ ಹಾಕಿದರೆ ಸಾಕು, ಚಿತ್ರ ಬಂದು ಫ್ರೇಮಿನ ಮೆಮರಿಯಲ್ಲೇ ಕೂರುತ್ತದೆ, ಆಮೇಲೆ ನೆಟ್ ಇಲ್ಲದಿದ್ದರೂ ಓಡುತ್ತದೆ. ಪುಕ್ಕಟೆ ಆವೃತ್ತಿಯಲ್ಲಿ ಒಂದು ಸಲಕ್ಕೆ 10 ಚಿತ್ರ, 15 ಸೆಕೆಂಡಿನ ವಿಡಿಯೊ. ಮನೆಗೆ ಇಷ್ಟು ಸಾಕು. ಆದರೆ ಒಳಗಿನ ಮೆಮರಿ ಕೆಟ್ಟರೆ ಅಥವಾ ರೀಸೆಟ್ ಆದರೆ ಚಿತ್ರಗಳೆಲ್ಲ ಹೋದಂತೆಯೇ. ಆದ್ದರಿಂದ ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ನಲ್ಲಿ ಕಾರ್ಡಿಗೆ ಬ್ಯಾಕಪ್ ತೆಗೆದಿಡಿ. ಇಂಥ ಫ್ರೇಮ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ರೂಟರ್‌ನಲ್ಲಿ 2.4 ಮತ್ತು 5 ಒಂದೇ ಹೆಸರಿನಲ್ಲಿದ್ದರೆ ಬೇರೆ ಬೇರೆ ಹೆಸರು ಕೊಡಿ. ರೂಟರಿನ ವೈಫೈ ಭದ್ರತೆಯ ಬಗೆ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಡಬ್ಲ್ಯುಪಿಎ2ಕ್ಕೆ ಇಳಿಸಿ. ಹಳೆಯ ಮನೆಗಳ ಕಲ್ಲುಗೋಡೆ ದಾಟಲು 2.4 ಇದ್ದುದರಲ್ಲಿ ವಾಸಿ. ಅಗ್ಗದ, ಹೆಸರಿಲ್ಲದ ಫ್ರೇಮ್‌ಗಳಲ್ಲಿ 2015ರಲ್ಲಿ ಬಂದ ಆಂಡ್ರಾಯ್ಡ್ 6 ಇನ್ನೂ ಕೂತಿರುವುದುಂಟು. ಅದಕ್ಕೆ ಭದ್ರತಾ ಅಪ್‌ಡೇಟ್ ನಿಂತು ವರ್ಷಗಳಾದವು. ಅಂಥದ್ದನ್ನು ರೂಟರಿನ ಗೆಸ್ಟ್ ವೈಫೈಗೆ ಸೇರಿಸಿ, ಮನೆಯ ಕಂಪ್ಯೂಟರ್ ಇರುವ ಸಾಲಿಗೆ ಬೇಡ.

ಕಾರ್ಡ್ ಫ್ರೇಮಿಗೆ ಇವ್ಯಾವ ತಲೆನೋವೂ ಇಲ್ಲ, ದೀರ್ಘ ಬಾಳಿಕೆಗೆ ಅದೇ ಮೇಲು. ಅದಕ್ಕೆ 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಕಾರ್ಡ್ ಹಾಕಿ, ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿ. 64 ಜಿಬಿಯವು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಹಲವು ಫ್ರೇಮ್‌ಗಳು ಅದನ್ನು ಓದುವುದಿಲ್ಲ. ಚಿತ್ರ ತುಂಬಿದ ಮೇಲೆ ದೊಡ್ಡ ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಚಿಕ್ಕ ಲಾಕನ್ನು ಕೆಳಗೆ ಎಳೆದು ಹಾಕಿ. ಫ್ರೇಮ್ ಅದರ ಮೇಲೆ ಏನನ್ನೂ ಬರೆಯುವುದಿಲ್ಲ, ನಡುವೆ ಕರೆಂಟು ಹೋದರೂ ಕಡತಗಳು ಕೆಡುವ ಸಾಧ್ಯತೆ ಕಡಿಮೆ.

ಚಿತ್ರ ಬರುತ್ತಿಲ್ಲ ಎಂಬ ದೂರಿಗೆ ಹೆಚ್ಚಾಗಿ ಚಿತ್ರವೇ ಕಾರಣ. ಮದುವೆ ಫೋಟೊಗ್ರಾಫರ್ ಕೊಟ್ಟ 10 ಎಂಬಿಯ ಚಿತ್ರವನ್ನು ಹಾಗೇ ಹಾಕಿದರೆ ಫ್ರೇಮಿನ ಚಿಕ್ಕ ಮೆಮರಿಗೆ ಅದನ್ನು ಬಿಡಿಸಲು ಆಗದೆ ಅಲ್ಲೇ ನಿಂತುಬಿಡುತ್ತದೆ. 10 ಇಂಚಿನ ಪರದೆ ಸಾಮಾನ್ಯವಾಗಿ 1280 ಅಡ್ಡ 800 ಪಿಕ್ಸೆಲ್. ಉದ್ದನೆಯ ಬದಿ 1600 ಪಿಕ್ಸೆಲ್ ಇದ್ದರೆ ಧಾರಾಳವಾಯಿತು. ವಾಟ್ಸ್ಆ್ಯಪ್ ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸುವುದೂ ಸುಮಾರು ಆ ಅಳತೆಗೇ. ವಾಟ್ಸ್ಆ್ಯಪ್‌ನಲ್ಲಿ ಬಂದ ಮೊಮ್ಮಗುವಿನ ಫೋಟೊ ಇಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ಇರ್ಫಾನ್‌ವ್ಯೂ ಎಂಬ ಚಿತ್ರ ನೋಡುವ ತಂತ್ರಾಂಶದ ಬ್ಯಾಚ್ ಕನ್ವರ್ಷನ್ ತೆರೆದು, ಉದ್ದನೆಯ ಬದಿ 1600 ಎಂದು ಹಾಕಿ, ಜೆಪೆಗ್ ಆಯ್ಕೆಯಲ್ಲಿ ಪ್ರೊಗ್ರೆಸಿವ್ ಎಂಬ ಗುರುತು ತೆಗೆದು, ಒಂದೇ ಸಲಕ್ಕೆ ಇಡೀ ಆಲ್ಬಮ್ ಪರಿವರ್ತಿಸಬಹುದು. ಮಸುಕಾಗಿ ಬಂದು ಹಂತಹಂತವಾಗಿ ತಿಳಿಯಾಗುವ ಈ ಪ್ರೊಗ್ರೆಸಿವ್ ಜೆಪೆಗ್ ಹಲವು ಫ್ರೇಮ್‌ಗಳಿಗೆ ಅರ್ಥವಾಗುವುದಿಲ್ಲ. ಐಫೋನಿನ ಎಚ್‌ಇಐಸಿ ಎಂಬ ಚಿತ್ರದ ಬಗೆ ಕೂಡ ಅಷ್ಟೇ; ಕ್ಯಾಮೆರಾ ಸೆಟ್ಟಿಂಗ್ಸ್, ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಎಂದು ಇಟ್ಟರೆ ಮುಂದೆ ತೆಗೆಯುವವು ಜೆಪೆಗ್ ಆಗಿಯೇ ಬರುತ್ತವೆ. ಕಡತಗಳಿಗೆ 001, 002 ಎಂದು ಅಂಕಿಯಲ್ಲೇ ಹೆಸರಿಡಿ. ಕಾರ್ಡ್ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ, ಗವಿಮಠದ ಜಾತ್ರೆ ಎಂದು ಬರೆದದ್ದು ಖಾಲಿ ಚೌಕಗಳಾಗಿ ಕಾಣುತ್ತದೆ.

ಇಡುವ ಜಾಗ. ಪಡುವಣ ಗೋಡೆ, ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ, ದೇವರ ದೀಪದ ಮೇಲ್ಭಾಗ ಬೇಡ. ಈ ಫ್ರೇಮ್‌ಗಳನ್ನು ಸಾಮಾನ್ಯವಾಗಿ 0ಯಿಂದ 40 ಡಿಗ್ರಿಯ ಕೋಣೆಗೆಂದು ಮಾಡಿರುತ್ತಾರೆ. ಪಡಸಾಲೆಯ ಒಳಗೋಡೆಯಲ್ಲಿ, ಹಿಂದೆ ಎರಡು ಬೆರಳು ಗಾಳಿ ಆಡುವಂತೆ ಇಡಿ. ಸಂಡೂರು ಕಡೆಯ ಕೆಂಧೂಳು, ಗಿಣಿಗೇರಾ ಸುತ್ತಿನ ಕಾರ್ಖಾನೆಗಳ ಕರಿಧೂಳು ಹಿಂದಿನ ತೂತುಗಳಲ್ಲಿ ಕಟ್ಟಿಕೊಂಡರೆ ಶಾಖ ಒಳಗೇ ನಿಲ್ಲುತ್ತದೆ. ವಾರಕ್ಕೊಮ್ಮೆ ಒಣ ಕುಂಚದಿಂದ ಉದುರಿಸಿ. ಪರದೆಯ ಮೇಲೆ ನೇರವಾಗಿ ಏನನ್ನೂ ಚಿಮುಕಿಸಬೇಡಿ, ಅಂಚಿನಿಂದ ನೀರು ಒಳಗಿಳಿಯುತ್ತದೆ. ಕನ್ನಡಕ ಒರೆಸುವ ಬಟ್ಟೆ ಸ್ವಲ್ಪ ತೇವ ಮಾಡಿಕೊಂಡರೆ ಸಾಕು.

ಪರದೆಯ ಆಯಸ್ಸಿನ ಲೆಕ್ಕ ಸುಲಭ. ಬೆಳಕು ಅರ್ಧಕ್ಕೆ ಇಳಿಯುವ ಹೊತ್ತಿಗೆ 20,000 ಗಂಟೆ ಎಂದು ಹಿಡಿದರೆ, ದಿನಕ್ಕೆ 16 ಗಂಟೆಯಂತೆ ಮೂರೂವರೆ ವರ್ಷದ ಒಳಗೇ ಮುಗಿಯುತ್ತದೆ, 8 ಗಂಟೆಯಂತೆ ಏಳು ವರ್ಷಕ್ಕೆ ಹತ್ತಿರ ಬರುತ್ತದೆ. ಬ್ರೈಟ್‌ನೆಸ್ ಶೇಕಡ 60ರಲ್ಲಿ ಇಟ್ಟರೆ ಇನ್ನೂ ಹೆಚ್ಚು. ಕೊಳ್ಳುವಾಗ ಯಾವ ಕಡೆಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪ್ಯಾನೆಲ್ ಎಂದೇ ಕೇಳಿ. ಟಿಎನ್ ಪ್ಯಾನೆಲ್‌ನಲ್ಲಿ ನೆಲದ ಮೇಲೆ ಕೂತು ನೋಡಿದವರಿಗೆ ಮುಖಗಳು ಕಪ್ಪಾಗಿ ಕಾಣುತ್ತವೆ. ಒಳಗೆ ಬ್ಯಾಟರಿ ಇರುವ ಫ್ರೇಮ್, ಹಳೆಯ ಟ್ಯಾಬ್ಲೆಟ್ಟನ್ನೇ ಫ್ರೇಮ್ ಮಾಡುವ ಉಪಾಯ ಎರಡೂ ಬೇಡ. ಸದಾ ಚಾರ್ಜಿನಲ್ಲಿರುವ ಲಿಥಿಯಂ ಬ್ಯಾಟರಿ ಈ ಸೆಕೆಗೆ ಉಬ್ಬಿ ಪರದೆಯನ್ನು ಮೇಲೆತ್ತುತ್ತದೆ. ಉಬ್ಬಿದ್ದು ಕಂಡರೆ ತಕ್ಷಣ ಪ್ಲಗ್ ತೆಗೆಯಿರಿ, ಚುಚ್ಚಿ ನೋಡಲು ಹೋಗಬೇಡಿ.

ಹಿರಿಯರು ಮಾತ್ರ ಇರುವ ಮನೆಗೆ ಕರೆಂಟಿನ ಪರೀಕ್ಷೆ ಗೆದ್ದ, 1280 ಅಡ್ಡ 800ರ, ಕಾರ್ಡ್ ಹಾಕುವ ಫ್ರೇಮೇ ಸೈ. ಮಕ್ಕಳು ದೂರದಿಂದ ದಿನಾ ಚಿತ್ರ ಕಳಿಸುವುದಾದರೆ, ಕಾರ್ಡ್ ಹಾಕಲು ಜಾಗವೂ ಇರುವ, ಚಿತ್ರವನ್ನು ತನ್ನೊಳಗೇ ಇಟ್ಟುಕೊಳ್ಳುವ ವೈಫೈ ಫ್ರೇಮ್. ಬಿಲ್ಲಿನ ಜೊತೆ ವಾರಂಟಿಯಲ್ಲಿ ಅಡಾಪ್ಟರ್ ಸೇರಿದೆಯೇ ಎಂದು ಬರೆಸಿಕೊಳ್ಳಿ. ಪರದೆ ಒಡೆದರೆ ರಿಪೇರಿ ಮಾಡಿಸುವುದು ಲಾಭವಲ್ಲ, ಪ್ಯಾನೆಲ್ ಬೆಲೆಯೇ ಹೊಸದರ ಹತ್ತಿರ ಹೋಗುತ್ತದೆ. ರಿಪೇರಿಗೆ ಕೊಡುವಾಗ ಅಥವಾ ಯಾರಿಗಾದರೂ ದಾಟಿಸುವಾಗ ಕಾರ್ಡ್ ತೆಗೆದಿಟ್ಟುಕೊಂಡು, ಆ್ಯಪ್‌ನಲ್ಲಿ ಫ್ರೇಮಿನ ಹೆಸರು ಅಳಿಸಿ, ಫ್ಯಾಕ್ಟರಿ ರೀಸೆಟ್ ಮಾಡಿ ಕೊಡಿ. ಮನೆಯವರ ಚಿತ್ರಗಳ ಜೊತೆಗೆ ವೈಫೈ ಪಾಸ್‌ವರ್ಡ್ ಕೂಡ ಅದರೊಳಗೆ ಇರುತ್ತದೆ.